ಜೀನ್‌ಬ್ಯಾಂಕಿನಲ್ಲಿ ಕಾವೇರಿಯ ಮೀನು

ಜಗತ್ತಿನ ಯಾವ ಮೂಲೆಯಲ್ಲಾದರೂ ಸರಿ, ಯಾರೋ ಓದಿ ತೆಗೆದ ಡಿಎನ್‌ಎ ಅಕ್ಷರಗಳನ್ನು ಪೊನ್ನಂಪೇಟೆಯ ಅರಣ್ಯ ಕಾಲೇಜಿನ ವಿದ್ಯಾರ್ಥಿ ಕಾಸು ಕೊಡದೆ, ಲಾಗಿನ್ ಕೂಡ ಆಗದೆ, ಮೊಬೈಲಿನಲ್ಲೇ ತೆರೆದು ನೋಡಬಹುದು. ಇಷ್ಟು ಧಾರಾಳದ ಏರ್ಪಾಡು ವಿಜ್ಞಾನದಲ್ಲಿ ಅಪರೂಪ. 1982ರಲ್ಲಿ ಅಮೆರಿಕದಲ್ಲಿ ಶುರುವಾದ ಜೀನ್‌ಬ್ಯಾಂಕ್, ಯುರೋಪಿನ ಇಎನ್‌ಎ, ಜಪಾನಿನ ಡಿಡಿಬಿಜೆ ಎಂಬ ಮೂರು ಡಿಎನ್‌ಎ ಭಂಡಾರಗಳೂ ತಮ್ಮಲ್ಲಿಗೆ ಬಂದದ್ದನ್ನು ದಿನದಿನವೂ ಹಂಚಿಕೊಳ್ಳುತ್ತವೆ. ಒಂದಕ್ಕೆ ಹಾಕಿದ್ದು ಮೂರರಲ್ಲೂ ಸಿಗುತ್ತದೆ. ಇದನ್ನು ಹೊಗಳಲು ನನಗೆ ಹಿಂಜರಿಕೆಯಿಲ್ಲ. ನನ್ನ ತಕರಾರು ಇರುವುದು ಆ ಅಕ್ಷರಗಳ ಮೇಲೆ ಅಂಟಿಸಿದ ಚೀಟಿಯ, ಅಂದರೆ ಜೀವಿ ಯಾವುದು, ಎಲ್ಲಿಯದು ಎಂಬ ಬರಹದ ಬಗ್ಗೆ. ಅದನ್ನು ಕೊಡಗಿನಲ್ಲಿ ಕೂತು ನೋಡಿದರೆ ಚೆನ್ನಾಗಿ ಕಾಣುತ್ತದೆ, ಅದರಲ್ಲೂ ಕಾವೇರಿಯ ಮಹಶೀರ್ ಅನ್ನು ಮುಂದಿಟ್ಟುಕೊಂಡರೆ.

ಹೊಳೆ ಬದಿಯವರು ಬಿಳಿಮೀನು ಎನ್ನುವ ಈ ಮೀನಿನ ಖ್ಯಾತಿ ಸಣ್ಣದಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದದ್ದು 120 ಪೌಂಡ್ ತೂಗಿತ್ತು. ಬೆನ್ನು ಡುಬ್ಬವಾದ, ಕಾವೇರಿ ಹೊಳೆಗಳಿಗೇ ಸೀಮಿತವಾದ ಈ ದೈತ್ಯ ಮೀನಿಗೆ ಎಲ್ಲರೂ ಒಪ್ಪುವ ವೈಜ್ಞಾನಿಕ ಹೆಸರೇ 2018ರವರೆಗೆ ಇರಲಿಲ್ಲವೆಂದರೆ ನಂಬುವುದು ಕಷ್ಟ. ಕೆಲವರು ಟಾರ್ ಮುಸ್ಸುಲ್ಲಾ ಎಂದರು, ಕೆಲವರು ಟಾರ್ ಖುಡ್ರಿ ಎಂದರು, ಜಾಣರು ಬರೀ ‘ಟಾರ್’ ಎಂದು ಬರೆದು ಮುಂದೆ ಚುಕ್ಕಿಯಿಟ್ಟರು. ಆ ವರ್ಷ ಮೀನು ಸಂಶೋಧಕರಾದ ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಮೋಯಾರ್ ಹೊಳೆಯ ಮೀನುಗಳ ಅಂಗಲಕ್ಷಣ ಮತ್ತು ಡಿಎನ್‌ಎ ಎರಡನ್ನೂ ಹೋಲಿಸಿ, ಇದು ಪಾಂಬಾರ್ ನದಿಯಿಂದ ಮೊದಲೇ ವಿವರಿಸಲಾಗಿದ್ದ ಟಾರ್ ರೆಮಾದೇವಿ ಎಂದು ಪ್ಲಾಸ್ ಒನ್ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಅದೇ ವರ್ಷ ಐಯುಸಿಎನ್ ಎಂಬ ಪ್ರಕೃತಿ ಸಂರಕ್ಷಣಾ ಸಂಸ್ಥೆ ಅದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಹೆಸರು ಸಿಕ್ಕಿದ ವರ್ಷವೇ ಮರಣದ ಎಚ್ಚರಿಕೆಯೂ ಬಂತು.

ಈಗ ಕೊಡಗಿನ ವಾಲ್ನೂರಿನ ಹತ್ತಿರ ಸಿಕ್ಕ ಮೀನೊಂದರ ರೆಕ್ಕೆಯ ತುದಿ ಯಾರದೋ ಕೈಗೆ ಬಂತೆನ್ನೋಣ. ಡಿಎನ್‌ಎ ತೆಗೆದು, ಜಾತಿ ಗುರುತಿಸಲು ‘ಬಾರ್‌ಕೋಡ್’ ಆಗಿ ಬಳಸುವ ಸಿಓಐ ಎಂಬ ಮೈಟೊಕಾಂಡ್ರಿಯದ ಜೀನಿನ ಸುಮಾರು 650 ಅಕ್ಷರಗಳನ್ನು ಓದಿಸಿದರು. ಭಂಡಾರದ ಸಾಲುಗಳೊಂದಿಗೆ ಹೋಲಿಸುವ ಬ್ಲಾಸ್ಟ್ ಎಂಬ ಸಾಧನದ ಪುಟ ತೆರೆದು, ಆ ಎ-ಟಿ-ಜಿ-ಸಿ ಸಾಲನ್ನು ದೊಡ್ಡ ಚೌಕದಲ್ಲಿ ಅಂಟಿಸಿ, ಗುಂಡಿ ಒತ್ತಿದರು. ಸ್ವಲ್ಪ ಹೊತ್ತಿಗೆ ಪಟ್ಟಿ ಇಳಿಯುತ್ತದೆ: ಎಡಗಡೆ ಜೀವಿಯ ಹೆಸರು, ಬಲಗಡೆ ಎಷ್ಟು ಭಾಗ ಹೊಂದಿತು, ಇಂಥ ಹೊಂದಿಕೆಗಳು ಆಕಸ್ಮಿಕವಾಗಿ ಎಷ್ಟು ಸಿಗಬಹುದು, ಶೇಕಡಾವಾರು ಸಾಮ್ಯ ಎಷ್ಟು. ಮೇಲಿನ ಸಾಲಿನಲ್ಲಿ ನೂರಕ್ಕೆ ನೂರು ಎಂದಿದ್ದರೆ ಕೆಲಸ ಮುಗಿಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಬ್ಲಾಸ್ಟ್ ಹೋಲಿಸುವುದು ಅಕ್ಷರಗಳನ್ನು ಮಾತ್ರ. 1990ರಲ್ಲಿ ಬಂದ ಈ ಸಾಧನದ ಲೆಕ್ಕಾಚಾರ ಇವತ್ತಿಗೂ ಬೆರಗು ಹುಟ್ಟಿಸುವಷ್ಟು ಚುರುಕು. ಎಡಗಡೆಯ ಹೆಸರಿನ ಜವಾಬ್ದಾರಿ ಮಾತ್ರ ಅದಕ್ಕಿಲ್ಲ. ಆ ಹೆಸರನ್ನು ಹಾಕಿದವರು ದಾಖಲೆ ಕಳಿಸಿದವರು. ಹೆಸರು ಗೊಂದಲದಲ್ಲಿದ್ದ ಕಾಲದಲ್ಲಿ ಕಳಿಸಿದ್ದರೆ, ಆ ಕಾಲದ ಹೆಸರೇ ಇವತ್ತೂ ಕೂತಿರುತ್ತದೆ.

ಓದುಗ ತಪ್ಪನ್ನು ಕಂಡುಹಿಡಿದರೆ ತಿದ್ದಬಹುದಲ್ಲ? ಆಗುವುದಿಲ್ಲ. ಜೀನ್‌ಬ್ಯಾಂಕಿನ ನಿಯಮದ ಪ್ರಕಾರ ದಾಖಲೆ ಅದನ್ನು ಕಳಿಸಿದವರದು. ಬದಲಾವಣೆ ಅವರ ಮೂಲಕವೇ ಆಗಬೇಕು. ಇದು ಸಂಗ್ರಹಾಲಯ, ವಿಶ್ವಕೋಶವಲ್ಲ ಎಂಬ ತರ್ಕ ನನಗೆ ಅರ್ಥವಾಗುತ್ತದೆ. ಯಾರು ಬೇಕಾದರೂ ಯಾರದ್ದನ್ನಾದರೂ ತಿದ್ದಬಹುದಾಗಿದ್ದರೆ ಅವಾಂತರ ಇನ್ನೂ ದೊಡ್ಡದಾಗುತ್ತಿತ್ತು. ಆದರೆ ದಾಖಲೆ ಹಾಕಿದ ಸಂಶೋಧಕ ನಿವೃತ್ತನಾಗಿ, ಅವನ ಇಮೇಲ್ ಸತ್ತು, ಆ ಮೀನಿನ ಬಾಟಲಿ ಎಲ್ಲಿಗೋ ಕಳೆದುಹೋದ ಮೇಲೂ ತಪ್ಪು ಹೆಸರು ಅಲ್ಲೇ ಇರುತ್ತದೆ, ಮುಂದಿನವರ ಹುಡುಕಾಟದಲ್ಲಿ ಮೊದಲ ಸಾಲಾಗಿ ಬರುತ್ತದೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಬೋಲ್ಡ್ ಭಂಡಾರ ಈ ವಿಷಯದಲ್ಲಿ ಮೇಲು. ಪಕ್ಕಾ ಬಾರ್‌ಕೋಡ್ ಎನ್ನಿಸಿಕೊಳ್ಳಬೇಕಾದರೆ ಮಾದರಿ ಯಾವ ಸಂಗ್ರಹದಲ್ಲಿದೆ ಎಂದು ಹೇಳಬೇಕು, ಓದಿಸಿದ ಯಂತ್ರದ ಮೂಲ ಕಡತಗಳನ್ನೂ ಕೊಡಬೇಕು. ಜೀವಿಯ ಫೋಟೋ ಇಡಲೂ ಅಲ್ಲಿ ಜಾಗವಿದೆ. ಅನುಮಾನ ಬಂದರೆ ಮೀನಿನ ಹತ್ತಿರಕ್ಕೆ ವಾಪಸ್ ಹೋಗುವ ದಾರಿಯಾದರೂ ಉಳಿದಿರುತ್ತದೆ.

ಮಹಶೀರ್ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ, ಇದು ಹೆಸರಿನದಲ್ಲ. ಟಾರ್ ಖುಡ್ರಿ ಮೂಲತಃ ಕೃಷ್ಣೆಯ ಕಡೆಯದು. ಸೈಕ್ಸ್ ಎಂಬವರು 1839ರಲ್ಲಿ ಅದನ್ನು ವಿವರಿಸಿದ್ದು ಪುಣೆ ಬಳಿಯ ಮುಳಾ-ಮುಠಾ ಹೊಳೆಯಿಂದ. ಲೋಣಾವಳದ ಕೊಳಗಳಲ್ಲಿ ಮರಿ ಮಾಡಿಸಿ ದೇಶದ ಹಲವು ಹೊಳೆಗಳಿಗೆ, ಕಾವೇರಿಗೂ, ಬಿಟ್ಟದ್ದರಿಂದ ನೀಲಿ ರೆಕ್ಕೆಯ ಆ ಮೀನು ಇಲ್ಲಿ ಹೆಚ್ಚಾಗಿ, ಡುಬ್ಬದ ಮೀನು ಕಡಿಮೆಯಾಯಿತು. ಎರಡೂ ಒಂದೇ ಹೊಳೆಯಲ್ಲಿರುವುದರಿಂದ ಬೆರಕೆಯಾಗುವ ಭಯ ಮೀನು ತಜ್ಞರಿಗೆ ಇದೆ. ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುತ್ತದೆ. ತಾಯಿ ಡುಬ್ಬದ ಮೀನು, ತಂದೆ ಖುಡ್ರಿಯಾದರೆ ಮರಿಯ ಸಿಓಐ ಸಾಲು ಶುದ್ಧ ರೆಮಾದೇವಿಯದ್ದೇ. ಬ್ಲಾಸ್ಟ್ ನೂರಕ್ಕೆ ನೂರು ಎನ್ನುತ್ತದೆ. ಅಕ್ಷರಕ್ಕೆ ಅಕ್ಷರ ಸರಿ, ಮೀನಿಗೆ ಮಾತ್ರ ಅರ್ಧ ಸುಳ್ಳು. ಹಾರಂಗಿಯಂಥ ಕಡೆ ಮರಿ ಸಾಕಿ ಹೊಳೆಗೆ ಬಿಡುವವರು ತಾಯಿ-ತಂದೆ ಮೀನುಗಳನ್ನು ಬಾರ್‌ಕೋಡ್ ಒಂದನ್ನೇ ನೆಚ್ಚಿ ಆರಿಸಿದರೆ ಬೆರಕೆಯನ್ನೇ ಹೊಳೆಗೆ ಹರಡಿದಂತಾಗುತ್ತದೆ.

ಕಾಫಿಯಲ್ಲಿ ತೊಂದರೆ ಬೇರೆ ಥರದ್ದು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ಕೊಡಗು. ರೊಬಸ್ಟಾದ ಜೀನೋಮ್ 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು, 25,574 ಜೀನುಗಳ ಪಟ್ಟಿಯೊಂದಿಗೆ. ಕಾಫಿ ಜೀನೋಮ್ ಹಬ್ ಎಂಬ ಜಾಲತಾಣ ಅದನ್ನು ತೆರೆದಿಟ್ಟಿತು. ಕೆಫೀನ್ ಮಾಡುವ ಕಿಣ್ವಗಳ ಜೀನುಗಳು ಯಾವ ವರ್ಣತಂತುವಿನಲ್ಲಿ ಎಲ್ಲಿ ಕೂತಿವೆ ಎಂದು ಕ್ಲಿಕ್ಕಿನಲ್ಲಿ ಕಾಣುತ್ತದೆ, ಪಾಠಕ್ಕೆ ಇದಕ್ಕಿಂತ ಚೆಂದದ ಸಾಮಗ್ರಿ ಬೇಕಿಲ್ಲ. ಅರೇಬಿಕಾದ ಸರದಿ ಬಂದದ್ದು 2024ರಲ್ಲಿ. ಸುಮಾರು 6 ಲಕ್ಷ ವರ್ಷಗಳ ಹಿಂದೆ ರೊಬಸ್ಟಾ ಮತ್ತು ಯೂಜಿನಿಯಾಯ್ಡಿಸ್ ಎಂಬ ಎರಡು ಜಾತಿಗಳು ಕೂಡಿ ಹುಟ್ಟಿದ ಗಿಡ ಅದು. ಕಾಫಿಯ ಈ ಭಂಡಾರ ಅಚ್ಚುಕಟ್ಟಾಗಿದೆ, ಹೆಸರುಗಳೂ ಸರಿ ಇವೆ. ನಮ್ಮ ತೋಟದ ಗಿಡವನ್ನು ಅದರ ಪಕ್ಕ ಇಟ್ಟಾಗಲೇ ಕೊರತೆ ಕಾಣುವುದು.

ನಮ್ಮ ಹಳೆಯ ಅರೇಬಿಕಾ ತೋಟಗಳ ಆಧಾರಸ್ತಂಭವಾದ ಎಸ್.795 ತಳಿಯನ್ನು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಕೊಟ್ಟಿತು. ಅದರ ಹೆತ್ತ ತಳಿಗಳಲ್ಲಿ ಒಂದು ಕೆಂಟ್ಸ್, ಇನ್ನೊಂದು ಎಸ್.288. ಆ ಎಸ್.288ರ ಪೂರ್ವಜರಲ್ಲಿ ಲಿಬೇರಿಕಾ ಎಂಬ ಬೇರೆ ಕಾಫಿ ಜಾತಿ ಇದೆ. ಎಲೆ ತುಕ್ಕು ರೋಗವನ್ನು ತಡೆಯುವ ಎಸ್‌ಎಚ್3 ಅಂಶ ಬಂದದ್ದು ಆ ಕಡೆಯಿಂದ. ಎಸ್.795ರ ಡಿಎನ್‌ಎ ಓದಿಸಿ ಅರೇಬಿಕಾ ಉಲ್ಲೇಖ ಜೀನೋಮಿಗೆ ಹೊಂದಿಸಿದರೆ ಸಾಫ್ಟ್‌ವೇರ್ ಉಲ್ಲೇಖದಲ್ಲಿ ಇರುವುದಕ್ಕೆ ಮಾತ್ರ ಜಾಗ ಕೊಡುತ್ತದೆ. ಲಿಬೇರಿಕಾದ ತುಂಡು ಹೊಂದದೆ ಹೊರಗೆ ಬೀಳಬಹುದು, ಇಲ್ಲವೇ ತನ್ನಂತೆ ಕಾಣುವ ಬೇರೆಡೆಗೆ ಅಂಟಿಕೊಳ್ಳಬಹುದು. ಅಂದರೆ ಕೊಡಗಿನ ಬೆಳೆಗಾರನಿಗೆ ಯಾವ ತುಂಡು ಮುಖ್ಯವೋ ಅದೇ ಫಲಿತಾಂಶದಲ್ಲಿ ಕಾಣೆಯಾಗುವ ಸಂಭವ ಹೆಚ್ಚು. ಒಂದು ಗಿಡವನ್ನು ಇಡೀ ಜಾತಿಯ ಪ್ರತಿನಿಧಿ ಮಾಡಿದ್ದರ ಬೆಲೆ ಇದು. ಚೆಟ್ಟಳ್ಳಿ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರಗಳ ತಳಿಗಳ ಪೂರ್ಣ ಜೋಡಣೆಗಳು ಸಾರ್ವಜನಿಕ ಭಂಡಾರದಲ್ಲಿ ತಮ್ಮದೇ ಹೆಸರಿನಲ್ಲಿ ಇರಬೇಕೆಂಬುದು ನನ್ನ ಬೇಡಿಕೆ. ಅದನ್ನು ಮಾಡಬೇಕಾದವರು ನಾವೇ ಹೊರತು ಅಮೆರಿಕದವರಲ್ಲ.

ಚೀಟಿ ಸರಿಯಾಗಿದ್ದರೆ ಏನಾಗುತ್ತದೆಂಬುದಕ್ಕೆ ಏಲಕ್ಕಿಯ ಕಟ್ಟೆ ರೋಗ ಸಾಕ್ಷಿ. ಮದುರೆ ಕಾಮರಾಜ್ ವಿಶ್ವವಿದ್ಯಾಲಯದ ತಂಡ ಕೊಡಗಿನ ಅಪ್ಪಂಗಳದ ಸಂಶೋಧಕ ಎಂ. ಎನ್. ವೇಣುಗೋಪಾಲ್ ಅವರ ಜೊತೆ ಸೇರಿ 2003ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ದಕ್ಷಿಣದ ಏಲಕ್ಕಿ ಪ್ರದೇಶಗಳಲ್ಲಿ ಈ ರೋಗ ತರುವ ವೈರಸ್ಸುಗಳನ್ನು ಊರು ಊರಿನ ಪ್ರಕಾರ ಬೇರೆ ಬೇರೆಯಾಗಿ ದಾಖಲಿಸಲಾಯಿತು. ಊರಿನ ಹೆಸರು ಇದ್ದುದರಿಂದಲೇ ಒಂದೇ ರೋಗದ ಒಳಗೆ ಅಷ್ಟೊಂದು ವೈವಿಧ್ಯವಿದೆ ಎಂಬುದು ಗೋಚರವಾಯಿತು. ಎಲ್ಲಕ್ಕೂ ‘ಇಂಡಿಯಾ’ ಎಂದು ಬರೆದು ಕೈ ತೊಳೆದುಕೊಂಡಿದ್ದರೆ ಅದು ಕಾಣುತ್ತಿರಲಿಲ್ಲ.

ತರಗತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬ್ಲಾಸ್ಟ್ ಕಲಿಸುವಾಗ ಮನುಷ್ಯನ ಇನ್ಸುಲಿನ್ ಅಥವಾ ಹಿಮೋಗ್ಲೋಬಿನ್ ಉದಾಹರಣೆ ಕೊಡುವುದು ರೂಢಿ. ಅಲ್ಲಿ ಉತ್ತರ ಯಾವಾಗಲೂ ಸರಿಯಾಗಿಯೇ ಬರುತ್ತದೆ, ಹಾಗಾಗಿ ಅನುಮಾನಪಡುವುದನ್ನು ಮಕ್ಕಳು ಕಲಿಯುವುದಿಲ್ಲ. ಮಹಶೀರ್ ಕೊಟ್ಟು ನೋಡಿ. ಒಂದೇ ಸಾಲಿನ ಅಕ್ಷರಗಳಿಗೆ ಎರಡು ಹೆಸರು ಎದುರಾದಾಗ ಎರಡೂ ದಾಖಲೆಗಳನ್ನು ಬಿಚ್ಚಿ, ಯಾವ ವರ್ಷ, ಯಾವ ಹೊಳೆ, ಮಾದರಿ ಎಲ್ಲಿದೆ ಎಂದು ಹುಡುಕಲೇಬೇಕಾಗುತ್ತದೆ. ಅಲ್ಲಿ ಹೊಳೆಯ ಹೆಸರೇ ಇಲ್ಲವೆಂದು ಗೊತ್ತಾದಾಗ ಮಕ್ಕಳಿಗೆ ಬರುವ ಸಿಟ್ಟು ಒಳ್ಳೆಯ ಪಾಠ.

2023ರಿಂದ ಹೊಸ ದಾಖಲೆಗಳಿಗೆ ಸ್ಥಳ ಮತ್ತು ಸಂಗ್ರಹಿಸಿದ ದಿನಾಂಕ ಕಡ್ಡಾಯ ಎಂದು ಮೂರೂ ಭಂಡಾರಗಳು ನಿಯಮ ತಂದಿವೆ. ಫರೀದಾಬಾದಿನಲ್ಲಿ 2022ರಲ್ಲಿ ಶುರುವಾದ ಭಾರತದ್ದೇ ಜೈವಿಕ ದತ್ತಾಂಶ ಕೇಂದ್ರವೂ ಇದೆ. ಆದರೆ ಆ ಮೂರು ಭಂಡಾರಗಳ ನಿಯಮದ ಪ್ರಕಾರ ದೇಶದ ಹೆಸರಷ್ಟೇ ಕೊಟ್ಟರೂ ಸಾಕು. ಅದು ಅರೆಬರೆ ಸುಧಾರಣೆ. ಇನ್ನೊಂದು ಕಡೆ, ಅಕ್ಷಾಂಶ-ರೇಖಾಂಶ ಪೂರ್ತಿ ಕೊಡಿ ಎಂದು ಹೇಳಲೂ ನನಗೆ ಧೈರ್ಯವಿಲ್ಲ. ಹೊಳೆಯಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವವರಿಗೆ ಉಳಿದಿರುವ ಕೆಲವೇ ಮಡುಗಳ ನಕ್ಷೆಯನ್ನು ಕೊಟ್ಟಂತಾಗಬಾರದು. ಯಾವ ಹೊಳೆ, ಯಾವ ಎರಡು ಊರುಗಳ ನಡುವೆ, ಯಾವ ತಿಂಗಳು, ಮಾದರಿ ಯಾವ ಸಂಗ್ರಹದಲ್ಲಿ, ಮೀನು ಹೊಳೆಯದ್ದೋ ಮರಿ ಸಾಕಣೆಯದ್ದೋ: ಇಷ್ಟು ಬರೆಯಲು ನಾಲ್ಕು ಸಾಲು ಬೇಕು. ಅಕ್ಷರಗಳನ್ನು ಓದಿಸಲು ಪ್ರಯೋಗಾಲಯಕ್ಕೆ ಹಣ ಕಟ್ಟಿದವರಿಗೆ ಈ ನಾಲ್ಕು ಸಾಲು ಭಾರವಾಗಬಾರದು.