ಗೋಡೆಯ ವಿಮಾನಕ್ಕೆ ನೆಲವೇ ಇಲ್ಲ

ಕವಿತೆಗೆ ವಿಮರ್ಶಕರಿದ್ದಾರೆ, ನಾಟಕಕ್ಕಿದ್ದಾರೆ. ಮನೆಯ ಗೋಡೆಗೆ ಯಾರೂ ಇಲ್ಲ. ಆದರೆ ದಿನಕ್ಕೆ ಹತ್ತು ಸಲ ನಮ್ಮ ಜನರ ಕಣ್ಣಿಗೆ ಬೀಳುವುದು ಕವಿತೆಯಲ್ಲ, ಗೋಡೆ. ಒಂದು ಮನೆ ಯಾವುದನ್ನು ದೊಡ್ಡದು ಅಂತ ನಂಬಿದೆ ಅನ್ನೋದನ್ನ ಅದರ ಗೋಡೆಯೇ ಹೇಳಿಬಿಡುತ್ತದೆ.

ಭದ್ರಾವತಿಯ ಓಲ್ಡ್ ಟೌನಿನ ಗೋಡೆಗಳ ಮೇಲೆ ಹಿಂದೆ ಇದ್ದದ್ದು ದೇವರ ಕ್ಯಾಲೆಂಡರು, ತೀರಿಕೊಂಡವರ ಫೋಟೋ, ಕೆಲವು ಮನೆಗಳಲ್ಲಿ ಬಾಬಾಸಾಹೇಬರು. ಈಗ ಹೊಸದಾಗಿ ಹಾಲ್ ಕಟ್ಟಿಸಿದವರು ಸೋಫಾದ ಮೇಲುಗಡೆಗೆ ಹಳೇ ಯುದ್ಧವಿಮಾನದ ಕ್ಯಾನ್ವಾಸ್ ಪ್ರಿಂಟು ತರಿಸುತ್ತಿದ್ದಾರೆ. ಸ್ಪಿಟ್‌ಫೈರ್, ಮಸ್ಟಾಂಗ್, ಲಿಬರೇಟರ್. ಒಂದೇ ವಿಮಾನವನ್ನು ಐದು ತುಂಡು ಮಾಡಿ ಸಾಲಾಗಿ ತೂಗುಹಾಕುವವರೂ ಇದ್ದಾರೆ. ಕ್ಯಾನ್ವಾಸ್ ಅಂದರೆ ಚಿತ್ರಕಾರ ಕುಂಚ ಇಡುವ ಬಟ್ಟೆ. ಇಲ್ಲಿ ಅದರ ಮೇಲೆ ಮೆಷಿನ್ನು ಶಾಯಿ ಚಿಮ್ಮಿಸುತ್ತದೆ. ಕುಂಚದ ಗುರುತೂ ಅಚ್ಚಾದದ್ದೇ, ಹಳೆಯದರ ಕಂದುಬಣ್ಣವೂ ಅಚ್ಚಾದದ್ದೇ. ಇದಕ್ಕೆ ನನ್ನ ತಕರಾರಿಲ್ಲ. ಚಿತ್ರ ಅನ್ನೋದು ಅಗ್ಗವಾಗಲಿ, ಎಲ್ಲರ ಮನೆಗೂ ಬರಲಿ.

ತಕರಾರು ಇರೋದು ಚಿತ್ರದೊಳಗೆ. ಅಲ್ಲಿ ವಿಮಾನ ಇದೆ, ಮೋಡ ಇದೆ, ಸಂಜೆಯ ಕೆಂಪು ಇದೆ. ನೆಲ ಇಲ್ಲ. ನೋಡುವವನನ್ನು ಚಿತ್ರವು ವಿಮಾನದ ಪಕ್ಕದಲ್ಲಿ, ಆಕಾಶದಲ್ಲೇ ಕೂರಿಸುತ್ತದೆ. ನೆಲದ ಮೇಲೆ ನಿಂತವರಿಗೆ ಯುದ್ಧವಿಮಾನ ಹೀಗೆ ಕಾಣುವುದಿಲ್ಲ. ಅವರಿಗೆ ಕಾಣುವುದು ಅದರ ಹೊಟ್ಟೆ, ಕೇಳುವುದು ಸದ್ದು. 1966ರ ಮಾರ್ಚ್ 5ರಂದು ಮಿಜೋ ಬಂಡಾಯವನ್ನು ಹತ್ತಿಕ್ಕಲು ನಮ್ಮದೇ ವಾಯುಪಡೆಯ ತೂಫಾನಿ, ಹಂಟರ್ ವಿಮಾನಗಳು ಐಜ್ವಾಲದ ಮೇಲೆ ದಾಳಿ ಮಾಡಿದವು. ಊರು ಉರಿಯಿತು, ಜನ ಕಾಡು ಸೇರಿದರು. ಇವತ್ತು ಆ ಹಂಟರ್ ಕೂಡ 'ವಿಂಟೇಜ್' ಆಗಿದೆ, ಅಂದವಾಗಿದೆ. ಐಜ್ವಾಲದ ಹೆಂಗಸರು ಮಕ್ಕಳು ಕತ್ತೆತ್ತಿ ನೋಡಿದ ಹಂಟರನ್ನು ಯಾರು ಅಚ್ಚು ಹಾಕುತ್ತಾರೆ? ಹಾಕಿದರೂ ಸೋಫಾದ ಮೇಲೆ ಯಾರು ತೂಗುತ್ತಾರೆ?

ನೆಲ ಇಲ್ಲದ ಈ ಚಿತ್ರದಲ್ಲಿ ಕೈಗಳೂ ಇಲ್ಲ. ಲಿಬರೇಟರನ್ನೇ ತೆಗೆದುಕೊಳ್ಳಿ. ನಾಲ್ಕು ಎಂಜಿನ್ನಿನ ಅಮೆರಿಕದ ಬಾಂಬರ್ ಅದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದ ಚಕೇರಿಯಲ್ಲಿ ಇಂಥ ವಿಮಾನಗಳನ್ನು ರಾಶಿ ಹಾಕಿ, ಮತ್ತೆ ಯಾರೂ ಹಾರಿಸಬಾರದು ಅಂತ ಒಡೆದುಹಾಕಿ ಹೋದರು. ಎಂಜಿನ್ನಿಗೆ ಮರಳು ಸುರಿದರು. 1940ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಕೆಲಸಗಾರರು 1948ರಲ್ಲಿ ಆ ಗುಜರಿಯಿಂದ ನಲವತ್ತಕ್ಕೂ ಹೆಚ್ಚು ಲಿಬರೇಟರುಗಳನ್ನು ಎಬ್ಬಿಸಿದರು. ಹಾರುವಷ್ಟು ಮಾತ್ರ ರಿಪೇರಿ ಮಾಡಿ, ಬೆಂಗಳೂರಿಗೆ ತಂದು, ಪೂರ್ತಿ ಸರಿಮಾಡಿ ವಾಯುಪಡೆಗೆ ಕೊಟ್ಟರು. 1968ರವರೆಗೂ ಅವು ಹಾರಿದವು. ಅವುಗಳಲ್ಲಿ ಒಂದು ಮುಂದೆ ಬ್ರಿಟನ್ನಿನ ವಾಯುಪಡೆಯ ಮ್ಯೂಸಿಯಂ ಸೇರಿತು. ಒಡೆದು ಹೋದವರೇ ಅದನ್ನು ಜೋಪಾನ ಮಾಡಬೇಕಾಯಿತು!

ಚಕೇರಿಯಿಂದ ಅವನ್ನು ಹಾರಿಸಿ ತಂದ ಪೈಲಟ್ ಜಮ್ಶೆಡ್ ಮುನ್ಷಿಯ ಹೆಸರು ಚರಿತ್ರೆಯಲ್ಲಿದೆ. ಇರಬೇಕಾದ್ದೇ. ಅಂಥ ವಿಮಾನದಲ್ಲಿ ಕೂರೋದಕ್ಕೆ ಗುಂಡಿಗೆ ಬೇಕು. ಆದರೆ ಎಂಜಿನ್ನಿನಿಂದ ಮರಳು ತೆಗೆದವರ, ತುಕ್ಕು ಉಜ್ಜಿದವರ, ಒಂದರ ಭಾಗ ಕಿತ್ತು ಇನ್ನೊಂದಕ್ಕೆ ಜೋಡಿಸಿದವರ ಹೆಸರನ್ನು ಚರಿತ್ರೆ ಅಷ್ಟು ಜತನದಿಂದ ಇಟ್ಟುಕೊಳ್ಳಲಿಲ್ಲ. ಪ್ರಿಂಟು ಆ ಚರಿತ್ರೆಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಎಲ್ಲರನ್ನೂ ಒರೆಸಿಹಾಕಿದೆ. ಅದರಲ್ಲಿ ಯಂತ್ರ ತಾನಾಗಿಯೇ ಹುಟ್ಟಿ ತಾನಾಗಿಯೇ ಹಾರುತ್ತದೆ, ಪುರಾಣದ ಪುಷ್ಪಕವಿಮಾನದ ಹಾಗೆ.

ಬೇರೆ ಊರಿನವರು ಇದನ್ನು ತೂಗುಹಾಕಿದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಇದು ಭದ್ರಾವತಿ. ಹಳೇ ಹೆಸರು ಬೆಂಕಿಪುರ. 1923ರಲ್ಲಿ ಇಲ್ಲಿ ಮಲೆನಾಡಿನ ಮರದ ಇದ್ದಲು ಉರಿಸಿ ಕಬ್ಬಿಣ ಕರಗಿಸಿದರು. ರೈಲಿಗೆ, ರಕ್ಷಣಾ ಇಲಾಖೆಗೆ ಇಲ್ಲಿಂದ ಉಕ್ಕು ಹೋಯಿತು. ಯಂತ್ರವನ್ನು ಪ್ರೀತಿಸುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಆ ಕಾರ್ಖಾನೆಯ ಕುಲುಮೆಯ ಚಿತ್ರ ನಮ್ಮ ಎಷ್ಟು ಹಾಲುಗಳಲ್ಲಿದೆ? ಅಪ್ಪನ ಮುಂಗೈಯ ಸುಟ್ಟ ಕಲೆ ನೋಡಿ ಬೆಳೆದ ಮಗನಿಗೆ ಕುಲುಮೆ ಅಂದರೆ ಬಡತನದ ನೆನಪು, ಸ್ಪಿಟ್‌ಫೈರ್ ಅಂದರೆ ಗೆದ್ದವರ ನೆನಪು. ಗೆದ್ದವರ ಯಂತ್ರ ಅಲಂಕಾರವಾಗುತ್ತದೆ, ಸೋತವರ ಯಂತ್ರ ಗುಜರಿಯಾಗುತ್ತದೆ. ಅಲಂಕಾರ ಅಂತ ನಾವು ತರುತ್ತಿರುವುದು ಈ ತೀರ್ಪನ್ನೇ. ನಮ್ಮ ವಿರುದ್ಧದ ತೀರ್ಪಿಗೆ ನಾವೇ ಮೊಳೆ ಹೊಡೆದು ಜಾಗ ಮಾಡಿಕೊಡಬೇಕೆ?

ವಿಮಾನ ಕಿತ್ತು ಬಿಸಾಕಿ ಅಂತ ನಾನು ಹೇಳ್ತಿಲ್ಲ. ಮೇಲಕ್ಕೆ ನೋಡುವ ಆಸೆ ಸಣ್ಣದಲ್ಲ. ತಲೆತಲಾಂತರ ಬಗ್ಗಿ ನಡೆದವರ ಮಕ್ಕಳಿಗೆ ಅದು ಇರಲೇಬೇಕು. ನನ್ನ ಮಾತು ನಮ್ಮ ಚಿತ್ರಕಾರ ಗೆಳೆಯರಿಗೆ. ನೀವು ಚಿತ್ರ ಕೊಡದ ಗೋಡೆಗೆ ಮಾರುಕಟ್ಟೆ ಕೊಡುತ್ತದೆ. ಚಕೇರಿಯ ಆ ಬಯಲನ್ನು ಬರೆಯಿರಿ. ಎಂಜಿನ್ನಿನೊಳಗೆ ಕೈಯಿಟ್ಟು ಮರಳು ತೆಗೆಯುತ್ತಿರುವ ಒಬ್ಬ ಕೆಲಸಗಾರನನ್ನು ಬರೆಯಿರಿ. ಅದನ್ನೂ ಕ್ಯಾನ್ವಾಸಿಗೆ ಅಚ್ಚು ಹಾಕಿಸೋಣ, ಅಗ್ಗಕ್ಕೆ ಮಾರೋಣ. ಮೊದಲ ಪ್ರಿಂಟಿಗೆ ಓಲ್ಡ್ ಟೌನಿನಲ್ಲಿ ನಮ್ಮ ಮನೆಯ ಗೋಡೆ ಖಾಲಿ ಇದೆ.