‘ಬೇಡ’ ಗೆದ್ದಿತು, ‘ಬೇಕು’ ಇನ್ನೂ ಕಾಯುತ್ತಿದೆ

ಸಾಮಾಜಿಕ ಜಾಲತಾಣದಲ್ಲಿ ಜನರನ್ನು ಸೇರಿಸುವುದು ಸುಲಭ, ಹಿಡಿದಿಟ್ಟುಕೊಳ್ಳುವುದು ಕಷ್ಟ. ಬೆಂಗಳೂರಿನ ಮೂರು ಹ್ಯಾಷ್‌ಟ್ಯಾಗ್ ಚಳವಳಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದು ಮನದಟ್ಟಾಗುತ್ತದೆ.

ಮೊದಲನೆಯದು 2016ರ ‘ಸ್ಟೀಲ್ ಫ್ಲೈಓವರ್ ಬೇಡ’. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತ್ತು. 800ಕ್ಕೂ ಹೆಚ್ಚು ಮರಗಳು ಉರುಳಬೇಕಿತ್ತು. ‘ಸಿಟಿಜನ್ಸ್ ಫಾರ್ ಬೆಂಗಳೂರು’ ಬಳಗದ ಕರೆ ಫೋನಿನಿಂದ ಫೋನಿಗೆ ಹರಿಯಿತು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಮಂದಿ ಅದೇ ರಸ್ತೆಯಲ್ಲಿ ಮಾನವ ಸರಪಳಿಯಾಗಿ ನಿಂತರು. ಹಸಿರು ನ್ಯಾಯಮಂಡಳಿಯ ತಡೆಯಾಜ್ಞೆಯೂ ಜೊತೆಗೂಡಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ಎರಡನೆಯದು 2017ರ ‘ನಮ್ಮ ಮೆಟ್ರೋ ಹಿಂದಿ ಬೇಡ’. ಇದರ ಬಲವಿದ್ದದ್ದು ಪುರಾವೆಯಲ್ಲಿ. ದಿನವೂ ಮೆಟ್ರೋ ಹತ್ತುವವರೇ ಹಿಂದಿಯಿದ್ದ ನಿಲ್ದಾಣದ ಫಲಕಗಳ ಫೋಟೊ ತೆಗೆದು ಹಾಕಿದರು. ನಮ್ಮ ಮೆಟ್ರೋದಲ್ಲಿ ಹಿಂದಿ ಏಕೆ ಎಂದು ಕೇಳಿದರು. ಜುಲೈ ಮೊದಲ ವಾರದಲ್ಲಿ ಮೆಜೆಸ್ಟಿಕ್, ಚಿಕ್ಕಪೇಟೆ ನಿಲ್ದಾಣಗಳ ಹಿಂದಿ ಅಕ್ಷರಗಳ ಮೇಲೆ ಕಾಗದ ಅಂಟಿತು. ತಿಂಗಳ ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಕೇಂದ್ರಕ್ಕೆ ಪತ್ರ ಬರೆದರು. ವಿಜಯನಗರದಲ್ಲಿ ರೈಲು ಹತ್ತುವ ಸಾಮಾನ್ಯ ಪ್ರಯಾಣಿಕನ ದೂರು ಹೀಗೆ ರಾಜ್ಯದ ನಿಲುವಾಯಿತು. ನನ್ನ ದೃಷ್ಟಿಯಲ್ಲಿ ಮೂರರಲ್ಲಿ ಅತ್ಯಂತ ಗಟ್ಟಿಯಾದದ್ದು ಇದೇ: ಭಾಷೆ ಜನರದ್ದು, ಕಣ್ಣಿಗೆ ಕಾಣುವ ಸಾಕ್ಷಿಯಿತ್ತು, ಕೇಳಿದ್ದು ಒಂದೇ ಒಂದು.

ಮೂರನೆಯದು ಉಪನಗರ ರೈಲಿಗಾಗಿ ಎದ್ದ ‘ಚುಕು ಬುಕು ಬೇಕು’. ಸ್ಟೀಲ್ ಫ್ಲೈಓವರ್ ವಿರೋಧಿಸಿದವರೇ 2016ರ ಕೊನೆಯಲ್ಲಿ ಇದನ್ನು ಎತ್ತಿಕೊಂಡರು. ಬರೀ ಬೇಡ ಎನ್ನದೆ ಏನು ಬೇಕೆಂದು ಹೇಳಿದ್ದು ಇದರ ಹೆಚ್ಚುಗಾರಿಕೆ. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ 148 ಕಿ.ಮೀ. ಉದ್ದದ ನಾಲ್ಕು ಮಾರ್ಗಗಳಿಗೆ ಒಪ್ಪಿಗೆ ಕೊಟ್ಟಿತು, 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ನಡೆಯಿತು. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಹೋಗಬೇಕಾದ ‘ಪಾರಿಜಾತ’ ಆ ನಾಲ್ಕರಲ್ಲಿ ಒಂದು. ಆದರೆ ಮಂಜೂರಾತಿ ಸಿಕ್ಕ ಮೇಲೆ ಹ್ಯಾಷ್‌ಟ್ಯಾಗ್ ತಣ್ಣಗಾಯಿತು. ಸರ್ಕಾರದ ಕೆಲಸ ನಿಜವಾಗಿ ಶುರುವಾಗುವುದು ಮಂಜೂರಾತಿಯ ನಂತರ. ಜನರ ಕಣ್ಣು ಹೆಚ್ಚು ಬೇಕಾಗುವುದೂ ಆಗಲೇ. ಚಳವಳಿಯ ದೊಡ್ಡ ಕೊರತೆ ಇಲ್ಲಿದೆ. ಸಿಟ್ಟಿಗೆ ಸಿಗುವಷ್ಟು ಲೈಕು ತಾಳ್ಮೆಗೆ ಸಿಗುವುದಿಲ್ಲ. ಟೆಂಡರು, ಭೂಸ್ವಾಧೀನದ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ರಾಜಾಜಿನಗರ, ಬಸವೇಶ್ವರನಗರದ ಬಡಾವಣೆ ಪುಟಗಳಿಗೂ ಈ ಪಾಠ ಅನ್ವಯಿಸುತ್ತದೆ. ರಸ್ತೆಗುಂಡಿಯ ಫೋಟೊ ಹಾಕಿ ಅಧಿಕಾರಿಗಳನ್ನು ಟ್ಯಾಗ್ ಮಾಡಿದರೆ ಅರ್ಧ ಕೆಲಸವಷ್ಟೇ ಆಯಿತು. ಯಾವ ಅಡ್ಡರಸ್ತೆ, ದೂರಿನ ಸಂಖ್ಯೆ ಏನು, ಎಂಜಿನಿಯರ್ ಏನೆಂದರು ಎಂಬುದನ್ನು ಮುಂದಿನ ವಾರವೂ ಬರೆಯಬೇಕು. ಕಾಮೆಂಟಿನಲ್ಲಿ ಪ್ರಶ್ನೆ ಕೇಳಿದ ಹಿರಿಯರಿಗೆ ಕನ್ನಡದಲ್ಲೇ ಉತ್ತರ ಕೊಡಬೇಕು. ಗುಂಡಿ ಮುಚ್ಚಿದ ದಿನ ಅದರ ಫೋಟೊವನ್ನೂ ಹಾಕಿ, ಕೆಲಸ ಮಾಡಿದವರಿಗೆ ಥ್ಯಾಂಕ್ಸ್ ಹೇಳಬೇಕು. ಓದುಗರ ನಂಬಿಕೆ ಹುಟ್ಟುವುದು ಹೀಗೆ, ಫಾಲೋವರ್‌ಗಳ ಲೆಕ್ಕದಿಂದ ಅಲ್ಲ.

ಕೆಂಗೇರಿಯ ಪಾರಿಜಾತ ಇನ್ನೂ ಹಳಿಗೆ ಬಂದಿಲ್ಲ. ಅಂದು ‘ಬೇಕು’ ಎಂದು ಟ್ವೀಟ್ ಮಾಡಿದವರು ಇಂದೂ ಕೇಳಲಿ, ರೈಲು ಬರುವವರೆಗೂ ಕೇಳಲಿ.