ಇಪ್ಪತ್ತು ನಿಮಿಷದಾಗ ಹುಡುಗನ ತಲಿ ಅಳಿಯೂದು

ದೀಪಾವಳಿಗೆ ಬೈಲಹೊಂಗಲಕ್ಕೆ ಹೋದಾಗ ಅಕ್ಕ ಒಂದು ಫೈಲು ತಂದು ಕೈಗಿಟ್ಟಳು. 'ತಮ್ಮಾ, ನೀ ಕಂಪ್ಯೂಟರ್ ಕಲಿತಾಂವ, ಇದನ್ನ ಓದಿ ಹೇಳು.' ಮೂರನೇತ್ತೆ ಓದುವ ಅಳಿಯನನ್ನು ಯಾವುದೋ ಸೆಂಟರಿನಲ್ಲಿ ಇಪ್ಪತ್ತು ನಿಮಿಷ ಲ್ಯಾಪ್‌ಟಾಪ್ ಮುಂದೆ ಕೂರಿಸಿದ್ದರು. ಒಂದು ಗ್ರಾಫು, ಕೆಂಪಕ್ಷರದಲ್ಲಿ ಒಂದು ಅಂಕಿ, ಕೆಳಗೆ 'ಎಡಿಎಚ್‌ಡಿ'. ಸಾಲಿ ಮಾಸ್ತರರನ್ನ ಕೇಳಿಲ್ಲ, ಮನ್ಯಾಗ ಹೆಂಗಿರ್ತಾನ ಅಂತ ಅಕ್ಕನನ್ನೂ ಕೇಳಿಲ್ಲ.

ಟೆಸ್ಟ್ ಹೊಸದೇನಲ್ಲ. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬರುತ್ತವೆ. ಹೇಳಿದ ಅಕ್ಷರಕ್ಕೆ ಮಾತ್ರ ಗುಂಡಿ ಒತ್ತಬೇಕು. ಮಿದುಳಿಗೆ ಪೆಟ್ಟಾದವರಿಗಾಗಿ 1956ರಲ್ಲೇ ಇಂಥದ್ದು ಬಂದಿತ್ತು. ಎಷ್ಟು ಬಿಟ್ಟ, ಅವಸರದಲ್ಲಿ ಎಷ್ಟು ತಪ್ಪು ಒತ್ತಿದ ಎಂಬ ಲೆಕ್ಕ ಸಿಗುತ್ತದೆ. ಯಾಕೆ ಬಿಟ್ಟ? ನಿದ್ದೆ ಆಗಿರಲಿಲ್ಲವೋ, ಕಣ್ಣು ಮಂಜೋ, ಇಂಗ್ಲಿಷ್ ಸೂಚನೆ ತಿಳಿಯಲಿಲ್ಲವೋ, ಲ್ಯಾಪ್‌ಟಾಪ್ ಮುಟ್ಟಿದ್ದೇ ಅವತ್ತೋ? ಗ್ರಾಫು ಹೇಳುವುದಿಲ್ಲ.

ನಮ್ಮ ಕಸುಬಿನ ಲೆಕ್ಕ ಹಾಕೋಣ. 100 ಮಕ್ಕಳಲ್ಲಿ 5 ಮಂದಿಗೆ ತೊಂದರೆ ಇದೆ, ಟೆಸ್ಟು ಇದ್ದವರನ್ನೂ ಇಲ್ಲದವರನ್ನೂ ನೂರಕ್ಕೆ 80ರಷ್ಟು ಸರಿಯಾಗಿ ಗುರುತಿಸುತ್ತದೆ ಅಂದುಕೊಳ್ಳಿ. ಐವರಲ್ಲಿ 4 ಮಂದಿ ಸಿಕ್ಕರು. ಉಳಿದ 95ರಲ್ಲಿ 19 ಮಕ್ಕಳಿಗೆ ಸುಮ್ಮಸುಮ್ಮನೆ ಹಣೆಪಟ್ಟಿ! 23 ಕೆಂಪು ಅಂಕಿಗಳಲ್ಲಿ ನಿಜವಾದವು ನಾಲ್ಕೇ. ಇಂಥ ಟೂಲನ್ನು ನಾವು ಪ್ರೊಡಕ್ಷನ್‌ಗೆ ಬಿಡ್ತೀವೇನು?

2013ರ ಡಿಎಸ್‌ಎಂ-5 ಕೈಪಿಡಿ ಕೇಳುವುದೇ ಬೇರೆ. ಲಕ್ಷಣಗಳು 12 ವರ್ಷದೊಳಗೆ ಕಂಡಿರಬೇಕು, ಆರು ತಿಂಗಳಾದರೂ ಇರಬೇಕು, ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು, ಬದುಕಿಗೆ ಅಡ್ಡಿಯಾಗಿರಬೇಕು. ಟೆಸ್ಟಿನ ಅಂಕ ಈ ಪಟ್ಟಿಯಲ್ಲಿಲ್ಲ. ಮಗು ಎಲ್ಲಿ ಎಡವುತ್ತದೆ ಎಂದು ತಿಳಿಯಲು ಇಂಥ ಪರೀಕ್ಷೆಗಳು ಬೇಕು, ನಿಜ. ಆದರೆ ಅವು ಸಾಕ್ಷಿ ಮಾತ್ರ, ತೀರ್ಪಲ್ಲ.

ಹಾಗಂತ ಎಡಿಎಚ್‌ಡಿಯೇ ಸುಳ್ಳು ಎನ್ನುವವರ ಜೊತೆ ನಾನಿಲ್ಲ. ನಮ್ಮೂರ ಸಾಲ್ಯಾಗ ನನ್ನ ಪಕ್ಕ ಕೂರುತ್ತಿದ್ದವನು ಐದು ನಿಮಿಷ ಒಂದು ಕಡೆ ನಿಲ್ಲುತ್ತಿರಲಿಲ್ಲ. 'ಉಡಾಳ' ಅಂತ ಬಡಿಸಿಕೊಂಡು ಬಡಿಸಿಕೊಂಡು ಏಳನೇತ್ತೆಗೆ ಸಾಲಿ ಬಿಟ್ಟ. ಯಾರಾದರೂ ಸರಿಯಾಗಿ ನೋಡಿದ್ದರೆ? ಆದರೆ ಅಂಥವನೂ ಹೊಸ ಲ್ಯಾಪ್‌ಟಾಪ್ ಕಂಡ ಖುಷಿಗೆ ಇಪ್ಪತ್ತು ನಿಮಿಷ ಗಟ್ಟಿ ಕೂತು ಪಾಸಾಗಿಬಿಡಬಹುದು. ಆಗ ಮನೆಯವರು 'ಏನೂ ಇಲ್ಲ' ಅಂತ ಸುಮ್ಮನಾಗುತ್ತಾರೆ. ಇದು ಇನ್ನೂ ದೊಡ್ಡ ಮೋಸ.

ಅಕ್ಕನಿಗೆ ಹೇಳಿದೆ: 'ಮೊದಲ ಕಣ್ಣು, ಕಿವಿ ತೋರಿಸು. ಆಮ್ಯಾಲೆ ಧಾರವಾಡದ ಡಿಮ್ಹಾನ್ಸ್‌ಗೆ ಹೋಗು. ಹೋಗೂಮುಂದ ಮಾಸ್ತರ್ ಕಡೆಯಿಂದ ಒಂದು ಚೀಟಿ ಬರಸ್ಕೊಂಡ್ ಹೋಗು.'

'ಮತ್ತ ಈ ಫೈಲು?'

'ಅದನ್ನೂ ಒಯ್ಯಿ. ಆದ್ರ ಚೀಟಿ ಮೊದಲ ಕೊಡು.'